ಶಾಂತವೇರಿ ಗೋಪಾಲಗೌಡರು

ಮಲೆನಾಡಿನಲ್ಲಿ ಬತ್ತವನ್ನು ಅಳೆಯುವ ಪಾತ್ರೆಗೆ ಕೊಳಗವೆಂದು ಹೆಸರು. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಪರರ ಗದ್ದೆಯನ್ನು ಉಳುವ ರೈತನು ಸುಗ್ಗಿ ಮುಗಿದ ಮೇಲೆ ಭೂಮಿಯ ಒಡೆಯನಿಗೆ ಇಷ್ಟು ಖಂಡುಗ ಬತ್ತವನ್ನು ಗೇಣಿಯಾಗಿ ಅಳೆದು ಕೊಡಬೇಕೆಂಬುದು ಅಲ್ಲಿಯ ಪದ್ಧತಿಯಾಗಿತ್ತು. ಕರಾರು ಬಹುಮಟ್ಟಿಗೆ ಬಾಯಿಮಾತಿನದು. ಕೊಟ್ಟ ಗೇಣಿಗೆ ರಸೀದಿಯೂ ಇರುತ್ತಿರಲಿಲ್ಲ. ಅಳೆಯುವ ಕೊಳಗವೇ ದೊಡ್ಡದಾದರೆ ಏನಾಗುತ್ತದೆ? ಹತ್ತು ಖಂಡುಗ ಗೇಣಿಯೆಂದರೆ ಇನ್ನೂರು ಕೊಳಗ. ಕೊಳಗಕ್ಕೆ ಮೂರು ಸೇರಾದರೆ ರೈತನು ಆರುನೂರು ಸೇರು ಬತ್ತ ಕೊಡುತ್ತಾನೆ. ನಾಲ್ಕು ಸೇರಾದರೆ ಎಂಟುನೂರು. ಗೇಣಿ ಹೆಚ್ಚಾಯಿತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಮನೆಯ ಕಣಜದಿಂದ ಇನ್ನೂರು ಸೇರು ಬತ್ತ ಹೊರಗೆ ಹೋಯಿತು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಎಂಬ ಸಣ್ಣ ಗ್ರಾಮದಲ್ಲಿ ಜಗಳ ಹುಟ್ಟಿದ್ದು ಈ ಕೊಳಗದಿಂದಲೇ. ಆ ಜಗಳವು ಊರಿನ ಎಲ್ಲೆಯನ್ನು ದಾಟಿ ಶಾಸನಸಭೆಯ ಒಳಗೆ ಬಂದ ಕಥೆಯನ್ನು ತಿಳಿಯಬೇಕಾದರೆ, ಮಂತ್ರಿಪದವಿಯನ್ನು ಒಂದು ದಿನವೂ ಅನುಭವಿಸದ ಒಬ್ಬ ಶಾಸಕರ ಜೀವನವನ್ನು ತಿಳಿಯಬೇಕು. ಅವರೇ ಶಾಂತವೇರಿ ಗೋಪಾಲಗೌಡರು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಮನೆತನ ಬಡವರದು. ಆರಗವು ಒಂದು ಕಾಲಕ್ಕೆ ವಿಜಯನಗರದ ಅರಸರ ಪ್ರಾಂತ್ಯವೊಂದರ ರಾಜಧಾನಿಯಾಗಿದ್ದ ಊರು. ಗೌಡರ ಬಾಲ್ಯದ ಹೊತ್ತಿಗೆ ಆ ವೈಭವದ ಗುರುತುಗಳು ಮಾತ್ರ ಉಳಿದಿದ್ದವು. ಸುತ್ತಲೂ ಅಡಕೆಯ ತೋಟಗಳು, ಬತ್ತದ ಗದ್ದೆಗಳು, ಬೆಟ್ಟಗಳು. ನೋಡುವವರ ಕಣ್ಣಿಗೆ ಹಸಿರಾಗಿ ಕಾಣುವ ಆ ನಾಡಿನಲ್ಲಿ ಉಳುವವರಲ್ಲಿ ಬಹುಮಂದಿಗೆ ತಾವು ಉಳುವ ನೆಲ ತಮ್ಮದಾಗಿರಲಿಲ್ಲ.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾದಾಗ ಗೌಡರು ಇನ್ನೂ ವಿದ್ಯಾರ್ಥಿ. ಅದೇ ವರ್ಷ ಅದೇ ಜಿಲ್ಲೆಯ ಈಸೂರಿನ ಜನರು ತಮ್ಮ ಗ್ರಾಮವನ್ನು ಸ್ವತಂತ್ರವೆಂದು ಸಾರಿದರು. ಮುಂದೆ ಆ ಊರಿನ ಐವರು ಗಲ್ಲಿಗೇರಿದರು. ಜಿಲ್ಲೆಯ ತರುಣರ ರಕ್ತ ಕಾದಿದ್ದ ಕಾಲವದು. ಗೋಪಾಲಗೌಡರೂ ಚಳವಳಿಗೆ ಧುಮುಕಿ ಸೆರೆಮನೆಯನ್ನು ಕಂಡರು. ಸ್ವಾತಂತ್ರ್ಯ ಬಂದ ಬಳಿಕ ಅವರ ಜೊತೆಯವರಲ್ಲಿ ಅನೇಕರು ಅಧಿಕಾರಕ್ಕೆ ಬಂದ ಕಾಂಗ್ರೆಸ್ಸಿನಲ್ಲಿಯೇ ಉಳಿದರು. ಗೌಡರು ಮಾತ್ರ ಡಾಕ್ಟರ್ ರಾಮಮನೋಹರ ಲೋಹಿಯಾ, ಜಯಪ್ರಕಾಶ ನಾರಾಯಣ ಮೊದಲಾದವರು ಕಟ್ಟುತ್ತಿದ್ದ ಸಮಾಜವಾದಿ ಪಕ್ಷವನ್ನು ಸೇರಿದರು. ಬ್ರಿಟಿಷರು ಹೋದರು, ಆದರೆ ಒಡೆಯನೂ ಗೇಣಿದಾರನೂ ಹಾಗೆಯೇ ಉಳಿದರಲ್ಲ ಎಂಬ ಪ್ರಶ್ನೆ ಅವರನ್ನು ಕಾಡುತ್ತಿದ್ದಿತು.

ಈ ಪ್ರಶ್ನೆಗೆ ಕಾಗೋಡಿನಲ್ಲಿ ರೂಪ ಬಂದಿತು. ಅಲ್ಲಿಯ ಗೇಣಿದಾರರು ಹೆಚ್ಚಾಗಿ ದೀವರ ಜನಾಂಗದವರು. ದೊಡ್ಡ ಕೊಳಗದ ದೂರಿನ ಜೊತೆಗೆ ಅವರಿಗೆ ಬೇರೆ ನೋವುಗಳೂ ಇದ್ದವು. ಒಡೆಯರ ಮುಂದೆ ಮೊಣಕಾಲಿನ ಕೆಳಗೆ ಇಳಿಯುವಂತೆ ಪಂಚೆ ಉಡಬಾರದು. ಕರೆದಾಗ ಬಿಟ್ಟಿ ಚಾಕರಿಗೆ ಹೋಗಬೇಕು. ಹಸಿವನ್ನಾದರೂ ಮನುಷ್ಯನು ಹಲವು ವರ್ಷ ತಾಳಿಯಾನು. ಅವಮಾನವನ್ನು ತಾಳುವುದು ಅದಕ್ಕಿಂತ ಕಷ್ಟ. ಎಚ್. ಗಣಪತಿಯಪ್ಪನವರು ಈ ಜನರನ್ನು ಕೂಡಿಸಿ ರೈತ ಸಂಘವನ್ನು ಕಟ್ಟಿದರು. ಸರಿಯಾದ ಕೊಳಗದಲ್ಲಿಯೇ ಗೇಣಿ ಅಳೆಯುತ್ತೇವೆ, ಕೊಟ್ಟದ್ದಕ್ಕೆ ರಸೀದಿ ಬೇಕು ಎಂದು ಗೇಣಿದಾರರು ಕೇಳಿದರು. ವಿವಾದವು ಬೆಳೆದು, ಅವರು ಗದ್ದೆಗೆ ಇಳಿಯಲಾಗದ ಸ್ಥಿತಿಗೆ ಮುಟ್ಟಿತು.

1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ಅದರ ಕ್ರಮ ಬಹಳ ಸರಳ. ರೈತರು ತಂಡ ತಂಡವಾಗಿ ನೇಗಿಲು ಹೊತ್ತು ಗದ್ದೆಗೆ ಇಳಿಯುವರು. ಪೊಲೀಸರು ಬಂದು ಬಂಧಿಸುವರು. ಮತ್ತೊಂದು ತಂಡ ಇಳಿಯುವುದು. ಉಳುವುದೇ ಅಪರಾಧವಾದ ವಿಚಿತ್ರ ದೃಶ್ಯವನ್ನು ಸ್ವತಂತ್ರ ಭಾರತವು ತನ್ನ ನಾಲ್ಕನೆಯ ವರ್ಷದಲ್ಲಿ ಕಂಡಿತು! ಸಮಾಜವಾದಿ ಪಕ್ಷವು ಹೋರಾಟಕ್ಕೆ ಬೆಂಬಲವಾಗಿ ನಿಂತಿತು. ಗೋಪಾಲಗೌಡರು ಹಳ್ಳಿಹಳ್ಳಿಗೆ ನಡೆದುಹೋಗಿ ಜನರೊಡನೆ ಮಾತಾಡಿದರು, ಸತ್ಯಾಗ್ರಹದ ನಾಯಕತ್ವ ವಹಿಸಿದರು, ಬಂಧನಕ್ಕೂ ಒಳಗಾದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನು ಪೊಲೀಸರು ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಿದರು. ಅದುವರೆಗೆ ತಾಲ್ಲೂಕಿನ ಆಚೆಗೆ ಯಾರೂ ಕೇಳಿರದ ಕಾಗೋಡು ಎಂಬ ಹೆಸರು ದೇಶದ ಪತ್ರಿಕೆಗಳಲ್ಲಿ ಅಚ್ಚಾಯಿತು.

ಸತ್ಯಾಗ್ರಹವು ಒಡನೆಯೇ ಫಲ ಕೊಡಲಿಲ್ಲ. ಉಳುವವನಿಗೆ ಭೂಮಿ ಸಿಗಲಿಲ್ಲ. ಸೆರೆಮನೆಯಿಂದ ಹೊರಗೆ ಬಂದ ರೈತರ ಮುಂದೆ ಮಳೆಗಾಲವೂ ಸಾಲವೂ ನಿಂತಿದ್ದವು. ಆದರೆ ಕೆಲವೇ ತಿಂಗಳುಗಳಲ್ಲಿ ಅವರ ಕೈಗೆ ಹಿಂದೆಂದೂ ಇಲ್ಲದ ಒಂದು ಸಾಧನ ಬಂದಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ವಯಸ್ಸು ತುಂಬಿದ ಎಲ್ಲರಿಗೂ ಮತ ಹಾಕುವ ಹಕ್ಕು ದೊರೆತಿತ್ತು. ಅದಕ್ಕೆ ಹಿಂದೆ, ಮಹಾರಾಜರ ಕಾಲದ ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕಬೇಕಾದರೆ ಆಸ್ತಿಯನ್ನೋ ವಿದ್ಯೆಯನ್ನೋ ತೋರಿಸಬೇಕಾಗಿದ್ದಿತು. ಈಗ ಗೇಣಿದಾರನ ಮತವೂ ಒಂದು, ಒಡೆಯನ ಮತವೂ ಒಂದು. ಆ ಪೆಟ್ಟಿಗೆಯಲ್ಲಿ ಕೊಳಗದ ಮೋಸವಿಲ್ಲ. ಸಾಗರ ಮತ್ತು ಹೊಸನಗರ ಸೇರಿದ ಕ್ಷೇತ್ರದಿಂದ ಗೋಪಾಲಗೌಡರು ಸ್ಪರ್ಧಿಸಿದರು. ಅವರಲ್ಲಿ ಹಣವಿರಲಿಲ್ಲ. ಮತದ ಜೊತೆಗೆ ಚುನಾವಣೆಯ ಖರ್ಚನ್ನೂ ಜನರಿಂದಲೇ ಕೇಳುವುದು ಸಮಾಜವಾದಿಗಳ ರೂಢಿಯಾಗಿತ್ತು. ಕೇಳಿದವರಿಗೂ ಕೊಟ್ಟವರಿಗೂ ಅದರಲ್ಲಿ ನಾಚಿಕೆಯಿರಲಿಲ್ಲ. ಇಂದಿನವರಿಗೆ ಇದು ಸೋಜಿಗವಾಗಿ ತೋರಬಹುದು. ಇಪ್ಪತ್ತೊಂಬತ್ತರ ಹರೆಯದ, ಬರಿಗೈಯ ತರುಣನೊಬ್ಬನನ್ನು ಮಲೆನಾಡಿನ ಜನ ಆರಿಸಿ ಬೆಂಗಳೂರಿಗೆ ಕಳಿಸಿದರು.

ಆಗಿನ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನಗಳಿದ್ದವು. ಅವುಗಳಲ್ಲಿ ಕಾಂಗ್ರೆಸ್ಸಿಗೆ 74. ಸಮಾಜವಾದಿ ಪಕ್ಷಕ್ಕೆ ಕೇವಲ 3. ಮೂವರು ಸದಸ್ಯರು ಎಪ್ಪತ್ತನಾಲ್ಕು ಮಂದಿಯೆದುರಿಗೆ ಏನು ತಾನೆ ಮಾಡಬಲ್ಲರು? ಮತಕ್ಕೆ ಹಾಕಿದ ಯಾವ ವಿಷಯದಲ್ಲಿಯೂ ಅವರು ಗೆಲ್ಲಲಾರರು. ಹಾಗಿದ್ದರೆ ಅವರನ್ನು ಕಳಿಸಿ ಜನರಿಗೆ ಬಂದ ಪ್ರಯೋಜನವೇನು? ವಿರೋಧ ಪಕ್ಷದ ಶಾಸಕನ ಕೆಲಸವನ್ನು ಅರಿಯದವರು ಕೇಳುವ ಪ್ರಶ್ನೆಯಿದು. ಉತ್ತರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಶಾಸನಸಭೆಯು ಕೈಯೆತ್ತಿ ಎಣಿಸುವ ಸ್ಥಳ ಮಾತ್ರವಲ್ಲ. ಅದು ಕೇಳುವ ಸ್ಥಳ, ಉತ್ತರ ಹೇಳಿಸುವ ಸ್ಥಳ. ಅಧಿವೇಶನ ನಡೆಯುವಾಗ ದಿನದ ಕಲಾಪದ ಮೊದಲಿಗೆ ಪ್ರಶ್ನೋತ್ತರಕ್ಕಾಗಿ ಸಮಯ ಮೀಸಲಾಗಿರುತ್ತದೆ. ಸದಸ್ಯನು ಮುಂಚಿತವಾಗಿ ಬರೆದುಕೊಟ್ಟ ಪ್ರಶ್ನೆಗೆ ಚುಕ್ಕೆಯ ಗುರುತು ಇದ್ದರೆ ಮಂತ್ರಿಯು ಎದ್ದುನಿಂತು ಬಾಯಿಯಿಂದಲೇ ಉತ್ತರ ಹೇಳಬೇಕು. ಆ ಉತ್ತರದ ಮೇಲೆ ಉಪಪ್ರಶ್ನೆಗಳನ್ನೂ ಕೇಳಬಹುದು. ಒಂದು ತಾಲ್ಲೂಕಿನಲ್ಲಿ ಎಷ್ಟು ಗೇಣಿದಾರರನ್ನು ಒಕ್ಕಲೆಬ್ಬಿಸಲಾಗಿದೆ ಎಂದು ಒಬ್ಬ ಸದಸ್ಯ ಕೇಳಿದನೆನ್ನಿ. ಆ ಒಂದು ಸಾಲಿನ ಪ್ರಶ್ನೆಗಾಗಿ ಸಚಿವಾಲಯದಿಂದ ಜಿಲ್ಲಾ ಕಚೇರಿಗೆ, ಅಲ್ಲಿಂದ ತಾಲ್ಲೂಕು ಕಚೇರಿಗೆ ಪತ್ರ ಹೋಗುತ್ತದೆ. ಕಡತಗಳ ಧೂಳು ಕೊಡವಿ ಲೆಕ್ಕ ತೆಗೆಯಬೇಕಾಗುತ್ತದೆ. ಯಾರೂ ನೋಡುತ್ತಿಲ್ಲವೆಂದು ತಿಳಿದಿದ್ದ ಅಧಿಕಾರಿಗೆ, ಯಾರೋ ನೋಡುತ್ತಿದ್ದಾರೆಂಬ ಎಚ್ಚರ ಮೂಡುತ್ತದೆ. ತುರ್ತಾದ ಸಂಗತಿಯಿದ್ದರೆ ಉಳಿದ ಕೆಲಸವನ್ನೆಲ್ಲ ನಿಲ್ಲಿಸಿ ಅದನ್ನು ಚರ್ಚಿಸಬೇಕೆಂದು ನಿಲುವಳಿ ಸೂಚನೆ ತರಬಹುದು. ಆಯವ್ಯಯದ ಚರ್ಚೆಯಲ್ಲಿ ಒಂದು ಇಲಾಖೆಯ ಬೇಡಿಕೆಯಿಂದ ನೂರು ರೂಪಾಯಿಗಳನ್ನು ಕಡಿಮೆ ಮಾಡಬೇಕೆಂಬ ಕಡಿತ ಸೂಚನೆಯನ್ನು ಮಂಡಿಸಬಹುದು. ನೂರು ರೂಪಾಯಿಯ ಉಳಿತಾಯ ಯಾರಿಗೆ ಬೇಕು? ಆ ನೆಪದಲ್ಲಿ ಇಲಾಖೆಯ ಲೋಪವನ್ನು ಸಭೆಯ ಮುಂದೆ ಬಿಚ್ಚಿಡುವುದೇ ಅದರ ಉದ್ದೇಶ. ಸದನದಲ್ಲಿ ಆಡಿದ ಮಾತೆಲ್ಲ ನಡವಳಿಯ ಪುಸ್ತಕದಲ್ಲಿ ದಾಖಲಾಗುತ್ತದೆ. ಇಂದು ಸೋತ ಮಾತು ಅಲ್ಲಿ ಕಾದು ಕುಳಿತಿರುತ್ತದೆ.

ಗೋಪಾಲಗೌಡರ ಆಯುಧವೆಂದರೆ ಈ ಮಾತು. ಸದನದ ಚರ್ಚೆಯಲ್ಲಿ ಇಂಗ್ಲಿಷಿಗೆ ಹೆಚ್ಚಿನ ಮನ್ನಣೆಯಿದ್ದ ಕಾಲದಲ್ಲಿ ಅವರು ಕನ್ನಡದಲ್ಲಿ ಮಾತಾಡಿದರು. ಅದು ಪುಸ್ತಕದ ಕನ್ನಡವೂ ಹೌದು, ಮಲೆನಾಡಿನ ಅಂಗಳದ ಕನ್ನಡವೂ ಹೌದು. ಅವರು ಬಹಳ ಓದಿದವರು. ಕವಿ ಗೋಪಾಲಕೃಷ್ಣ ಅಡಿಗರು, ಯು. ಆರ್. ಅನಂತಮೂರ್ತಿಯವರು ಅವರ ಸ್ನೇಹಿತರು. ರಾಜಕಾರಣಿಗೆ ಸಾಹಿತಿಗಳ ಸಹವಾಸ ಅಲಂಕಾರಕ್ಕಾಗಿ ಬೇಕಾಗುವುದುಂಟು. ಗೌಡರಿಗೆ ಅದು ಊಟ ನಿದ್ರೆಗಳಂತೆ ಸಹಜವಾಗಿದ್ದಿತು. ಅನಂತಮೂರ್ತಿಯವರು 1978ರಲ್ಲಿ ಪ್ರಕಟಿಸಿದ ‘ಅವಸ್ಥೆ’ ಕಾದಂಬರಿಯ ನಾಯಕನಿಗೆ ಗೌಡರ ಬದುಕು ಪ್ರೇರಣೆಯೆಂಬುದು ಪ್ರಸಿದ್ಧವಾಗಿದೆ. ಆದರೆ ಕಾದಂಬರಿಯನ್ನು ಜೀವನಚರಿತ್ರೆಯೆಂದು ಓದುವುದು ಇಬ್ಬರಿಗೂ ಮಾಡುವ ಅನ್ಯಾಯ.

ಅವರ ಕೋಪವೂ ಪ್ರಸಿದ್ಧವೇ. ಬಡವರ ಮಾತನ್ನು ಹಗುರವಾಗಿ ತಳ್ಳಿಹಾಕಿದಾಗ ಅವರು ಸದನದಲ್ಲಿ ಕೆಂಡವಾಗುತ್ತಿದ್ದರು. ಸಭೆಯ ಶಿಸ್ತಿನ ಮೇರೆ ಮೀರಿದರೆಂದು ಅವರನ್ನು ಆಕ್ಷೇಪಿಸಿದವರು ಆಗಲೂ ಇದ್ದರು. ಆ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಚರ್ಚೆಯ ಮನೆಗೆ ಶಿಸ್ತು ಬೇಕೇ ಬೇಕು. ಆದರೂ ಗೌಡರ ಕೋಪದ ಹಿಂದೆ ಸ್ವಂತಕ್ಕೆ ಬೇಕಾದ ಯಾವ ಲಾಭವೂ ಇರಲಿಲ್ಲವೆಂಬುದನ್ನು ಎದುರಾಳಿಗಳೂ ಬಲ್ಲವರಾಗಿದ್ದರು. ಆದುದರಿಂದಲೇ ಅವರ ಬಿರುನುಡಿಯನ್ನು ಕೇಳಿಸಿಕೊಂಡ ಮಂತ್ರಿಗಳಲ್ಲಿಯೂ ಅವರಿಗೆ ಸ್ನೇಹಿತರಿದ್ದರು.

1957ರ ಚುನಾವಣೆಯಲ್ಲಿ ಅವರು ಸೋತರು. ಇಲ್ಲಿ ವಿಧಿಯ ವ್ಯಂಗ್ಯವೊಂದನ್ನು ಗಮನಿಸಬೇಕು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿತಷ್ಟೆ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೆಯ ಮೈಸೂರು ಹೀಗೆ ಒಂದೊಂದು ಭಾಗದಲ್ಲಿಯೂ ಒಂದೊಂದು ಬಗೆಯ ಗೇಣಿಯ ಕಾನೂನು ಇದ್ದಿತು. ಅವುಗಳನ್ನು ಸಮನಾಗಿಸಲು ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿ, ಬಹುಕಾಲದ ಚರ್ಚೆಯ ಅನಂತರ ಮೈಸೂರು ಭೂಸುಧಾರಣಾ ಕಾನೂನು 1961ರಲ್ಲಿ ಸಿದ್ಧವಾಯಿತು. ಗೇಣಿದಾರರ ಭವಿಷ್ಯವನ್ನು ನಿರ್ಧರಿಸುವ ಕಾನೂನು ಸದನದ ಮುಂದಿದ್ದಾಗ ಗೇಣಿದಾರರಿಗಾಗಿ ಸೆರೆಮನೆಗೆ ಹೋದ ಮನುಷ್ಯ ಸದನದ ಹೊರಗಿದ್ದರು! ಆ ಕಾನೂನು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಗೇಣಿಗೆ ಮಿತಿ ಹಾಕಿದ್ದು ಅದರ ಗುಣ. ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಒಡೆಯನು ಗೇಣಿದಾರನಿಂದ ಭೂಮಿಯನ್ನು ಮರಳಿ ಪಡೆಯಲು ಅವಕಾಶವಿತ್ತದ್ದು ಅದರ ದೋಷ. ಆ ಕಿಂಡಿಯಿಂದ ಬಹಳ ಭೂಮಿ ಗೇಣಿದಾರರ ಕೈಯಿಂದ ಜಾರಿಹೋಯಿತು.

1962ರಲ್ಲಿಯೂ 1967ರಲ್ಲಿಯೂ ಮಲೆನಾಡಿನ ಮತದಾರರು ಗೌಡರನ್ನು ಮತ್ತೆ ಸದನಕ್ಕೆ ಕಳಿಸಿದರು. ಈ ನಡುವೆ ಸಮಾಜವಾದಿ ಪಕ್ಷವು ಒಡೆಯಿತು, ಕೂಡಿತು, ಮತ್ತೆ ಒಡೆಯಿತು. ಆ ಒಡಕುಗಳ ಕಥೆ ದೀರ್ಘವಾದುದು, ಅಷ್ಟೇನೂ ಸಂತೋಷದ್ದಲ್ಲ. ಗೌಡರು ಲೋಹಿಯಾ ಅವರ ವಿಚಾರದಿಂದ ದೂರ ಸರಿಯಲಿಲ್ಲ. ಉಳುವವನೇ ಹೊಲದೊಡೆಯನಾಗಬೇಕು, ರಾಜ್ಯದ ಆಡಳಿತ ಕನ್ನಡದಲ್ಲಿ ನಡೆಯಬೇಕು, ಮೈಸೂರು ಎಂಬ ಹೆಸರು ಹೋಗಿ ನಾಡಿಗೆ ಕರ್ನಾಟಕವೆಂದು ಹೆಸರಾಗಬೇಕು — ಈ ಮೂರನ್ನು ಅವರು ಸದನದಲ್ಲಿ ಬಿಡದೆ ಹೇಳಿದರು. ಕರ್ನಾಟಕವೆಂಬ ಹೆಸರಿಗಾಗಿ ಅಂದಾನಪ್ಪ ದೊಡ್ಡಮೇಟಿಯವರಂಥ ಹಿರಿಯರೂ ದುಡಿದಿದ್ದಾರೆ. ಆ ಕೀರ್ತಿ ಒಬ್ಬರದಲ್ಲ.

ಗೌಡರಿಗೆ ಭಾಷೆಯ ಪ್ರಶ್ನೆ ಭೂಮಿಯ ಪ್ರಶ್ನೆಯಿಂದ ಬೇರೆಯಾಗಿರಲಿಲ್ಲ. ತನ್ನ ಗದ್ದೆಯ ಮೇಲೆ ಬಂದ ಆದೇಶವು ಇಂಗ್ಲಿಷಿನಲ್ಲಿದ್ದರೆ ಗೇಣಿದಾರನು ಅದನ್ನು ಓದಿಸಿಕೊಳ್ಳಲು ಮತ್ತೊಬ್ಬರ ಬಾಗಿಲಿಗೆ ಹೋಗಬೇಕು. ಅನೇಕ ವೇಳೆ ಆ ಬಾಗಿಲು ಒಡೆಯನದೇ ಆಗಿರುತ್ತಿತ್ತು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಸಾರುವ ಕಾನೂನು 1963ರಲ್ಲಿ ಬಂದಿತಾದರೂ ಕಚೇರಿಗಳಲ್ಲಿ ಅದು ಬೇರೂರಲು ಬಹಳ ಕಾಲ ಹಿಡಿಯಿತು. 1967ರಲ್ಲಿ ಅದೇ ಸಮಾಜವಾದಿ ಬಳಗದ ಜೆ. ಎಚ್. ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ ಹೋಗಿ, ಅಲ್ಲಿ ಕನ್ನಡದಲ್ಲಿ ಮಾತಾಡಿ ಸಭೆಯನ್ನು ಅಚ್ಚರಿಗೊಳಿಸಿದರು. ದೆಹಲಿಯಲ್ಲಿ ಕೇಳಿದ ಆ ಕನ್ನಡದ ಹಿಂದೆ ಮಲೆನಾಡಿನ ಈ ಗುಂಪಿನ ನಿಲುವಿದ್ದಿತು.

1971ರ ಮಾರ್ಚಿಯಲ್ಲಿ ರಾಜ್ಯವು ರಾಷ್ಟ್ರಪತಿಯ ಆಳ್ವಿಕೆಗೆ ಒಳಪಟ್ಟು ವಿಧಾನಸಭೆಯು ವಿಸರ್ಜನೆಯಾಯಿತು. ಗೌಡರ ಆರೋಗ್ಯವು ಅದಾಗಲೇ ಕುಸಿದಿದ್ದಿತು. ಮೂರು ಸಲ ಶಾಸಕರಾಗಿದ್ದವರ ಬಳಿ ಆಸ್ತಿಯೆಂದು ಹೇಳಿಕೊಳ್ಳುವಂಥದು ಹೆಚ್ಚೇನೂ ಇರಲಿಲ್ಲ. 1972ರ ಜೂನ್ 9ರಂದು ಅವರು ತೀರಿಕೊಂಡರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ.

ಮುಂದಿನ ತಿಂಗಳು, ಜುಲೈಯಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ನಿರ್ಣಯವನ್ನು ವಿಧಾನಸಭೆಯು ಅಂಗೀಕರಿಸಿತು. 1973ರ ನವೆಂಬರ್ 1ರಂದು ಆ ಹೆಸರು ಬಳಕೆಗೆ ಬಂದಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾನೂನು ಜಾರಿಯಾಯಿತು. ಗೇಣಿ ಪದ್ಧತಿಯೇ ರದ್ದಾಗಿ, ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಅರ್ಜಿ ಹಾಕಿ ಅದರ ಹಕ್ಕನ್ನು ಪಡೆಯಬಹುದಾಯಿತು. ಹಳೆಯ ಕಾನೂನಿನ ಕಿಂಡಿ ಮುಚ್ಚಿತು. ಅರ್ಜಿಗಳನ್ನು ತೀರ್ಮಾನಿಸಲು ಭೂನ್ಯಾಯಮಂಡಳಿಗಳು ಏರ್ಪಟ್ಟವು. ಉಪವಿಭಾಗಾಧಿಕಾರಿಯ ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಅಲ್ಲಿ ಕುಳಿತರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿರಬೇಕಾಗಿದ್ದಿತು. ರಾಜ್ಯದಲ್ಲೆಲ್ಲ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ‘ಏಳನೆಯ ನಮೂನೆ’ ಎಂಬ ಆ ಅರ್ಜಿಯ ಹೆಸರು ಹಳ್ಳಿಯ ಮನೆಮಾತಾಯಿತು.

ಈ ಕಾನೂನಿನಿಂದ ಎಲ್ಲರಿಗೂ ನ್ಯಾಯ ದೊರೆಯಿತೆಂದು ಹೇಳಲಾಗದು. ಗೇಣಿದಾರನು ಒಡೆಯನಾದನು, ಆದರೆ ಗೇಣಿಯ ಭೂಮಿಯೂ ಇಲ್ಲದೆ ಕೂಲಿಯನ್ನೇ ನೆಚ್ಚಿಕೊಂಡವನು ಬಹುಮಟ್ಟಿಗೆ ಕೂಲಿಯವನಾಗಿಯೇ ಉಳಿದನು. ಎರಡು ಮೂರು ಎಕರೆಯ ಗೇಣಿಯಿಂದ ಜೀವಿಸುತ್ತಿದ್ದ ಕೆಲವು ವಿಧವೆಯರೂ ಬಡ ಕುಟುಂಬಗಳೂ ಇದ್ದ ಅಲ್ಪ ಆಸ್ತಿಯನ್ನು ಕಳೆದುಕೊಂಡರು. ಹಾಗೆಯೇ, ಈ ಕಾನೂನನ್ನು ತಂದದ್ದು ಗೋಪಾಲಗೌಡರೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಅದನ್ನು ತಂದದ್ದು ಅವರು ಬಾಳೆಲ್ಲ ವಿರೋಧಿಸಿದ ಕಾಂಗ್ರೆಸ್ಸಿನ ಸರ್ಕಾರ. ಆದರೆ ಅದು ಸದನಕ್ಕೆ ಬಂದ ಹೊತ್ತಿಗೆ ಗೇಣಿದಾರನ ಅಳಲು ಯಾವ ಪಕ್ಷದ ಸದಸ್ಯರಿಗೂ ಹೊಸದಾಗಿರಲಿಲ್ಲ; ಇಪ್ಪತ್ತು ವರ್ಷಗಳಿಂದ ಅವರು ಅದನ್ನು ಎದುರುಸಾಲಿನಿಂದ ಕೇಳುತ್ತಲೇ ಬಂದಿದ್ದರು.

ಗೌಡರು ತೀರಿಕೊಂಡ ವರ್ಷದ ಚುನಾವಣೆಯಲ್ಲಿಯೇ ಸಾಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯೊಬ್ಬರು ಗೆದ್ದು ವಿಧಾನಸಭೆಯನ್ನು ಸೇರಿದರು. ಅವರು ಕಾಗೋಡಿನಲ್ಲಿಯೇ ಹುಟ್ಟಿದವರು. ಹೆಸರು ಕಾಗೋಡು ತಿಮ್ಮಪ್ಪ. ಮುಂದೆ ಅವರು ಪಕ್ಷ ಬದಲಿಸಿ ಕಾಂಗ್ರೆಸ್ಸನ್ನು ಸೇರಿದರು, ಮಂತ್ರಿಯಾದರು. 2013ರಲ್ಲಿ ಸದನವು ಅವರನ್ನು ತನ್ನ ಸಭಾಧ್ಯಕ್ಷರನ್ನಾಗಿ ಆರಿಸಿತು. ಅಂದಿನಿಂದ 2016ರವರೆಗೆ ವಿಧಾನಸೌಧದ ಆ ಎತ್ತರದ ಪೀಠದ ಮೇಲೆ ಕುಳಿತು, ಯಾರು ಮಾತಾಡಬೇಕು, ಯಾರು ನಿಲ್ಲಿಸಬೇಕು ಎಂದು ಹೇಳುತ್ತಿದ್ದವರು, ಕೊಳಗದ ಜಗಳ ನಡೆದ ಆ ಸಣ್ಣ ಊರಿನವರು.